ಸೋಡಾ ತಾಗಿದ ಅರಿಷಿಣ

ಆ ಕಾಲದಲ್ಲಿ ಹಲವು ಸಂಸಾರಗಳಿದ್ದ ಪುಣೆಯ ನಮ್ಮ ವಾಡೆಗೆ, ಹೊತ್ತಿಗೆ ಬಂದು ನಿಲ್ಲುವ ನಳದ ನೀರೇ ಗಡಿಯಾರ. ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ಕೋಥರೂಡ ಎಂದರೆ ಊರಾಚೆಯ ಹೊಲ. ಧಾರವಾಡದಿಂದ ಬಂದ ನಮಗೆ ಓಣಿಯಲ್ಲಿ ಮರಾಠಿ, ಹೊಸ್ತಿಲೊಳಗೆ ಕನ್ನಡ.

ಅಪ್ಪನ ತಂಗಿ ತುಂಗಾ ಅತ್ಯಾ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಮಳೆಗಾಲಕ್ಕೆ ಅವಳನ್ನು ಶಿಕ್ಷಕಿಯರ ತರಬೇತಿ ವರ್ಗಕ್ಕೆ ಕಳಿಸಲು ಅಪ್ಪ ಒಪ್ಪಿದ್ದ. ಅಜ್ಜಿ ಒಪ್ಪಿರಲಿಲ್ಲ, ಸುಮ್ಮನಿದ್ದಳು ಅಷ್ಟೇ. ಕಲಿಸುವುದನ್ನು ರೂಢಿ ಮಾಡಿಕೊಳ್ಳಲು ಅತ್ಯಾಗೆ ಆ ಬೇಸಿಗೆಯಲ್ಲಿ ಸಿಕ್ಕ ಒಬ್ಬಳೇ ವಿದ್ಯಾರ್ಥಿನಿ ನಾನು.

ಹಳೆಯ ಧೋತರದ ಚಿಂದಿಗಳನ್ನು ಅವಳು ಅರಿಷಿಣದ ನೀರಿನಲ್ಲಿ ಅದ್ದಿ ಒಣಗಿಸುತ್ತಿದ್ದಳು. ಅವುಗಳ ಮೇಲೆ ಅಡುಗೆಮನೆಯದೆಲ್ಲ ಒಂದೊಂದು ಹನಿ. ಹುಣಸೆ ರಸ, ನಿಂಬೆ, ಹುಳಿ ಮಜ್ಜಿಗೆ ಬಿದ್ದರೆ ಚಿಂದಿ ಹಳದಿಯಾಗಿಯೇ ಉಳಿಯುತ್ತಿತ್ತು. ಎಲೆಯಡಿಕೆಯ ಸುಣ್ಣ, ಬಟ್ಟೆ ಒಗೆಯುವ ಸೋಡಾ ಮುಟ್ಟಿದ್ದೇ ತಡ, ಕೆಂಪು.

"ಗಂಗೂ, ಯಾಕ ಕೆಂಪಾತು ಹೇಳು?"

"ಸಿಟ್ಟು ಬಂತು ಅದಕ್ಕ."

"ಹುಚ್ಚಿ! ಸುಣ್ಣ, ಸೋಡಾ ಅಂದ್ರ ಕ್ಷಾರ. ನಿಂಬಿಹಣ್ಣು ಆಮ್ಲ. ಈಗ ಅದರ ಮ್ಯಾಲೆ ನಿಂಬಿ ಹಿಂಡು, ಸಮಾಧಾನ ಆಗ್ತದ."

ಹಿಂಡಿದರೆ ಮತ್ತೆ ಹಳದಿ! ಒಲೆಯ ಬೂದಿ, ಅಪ್ಪನ ಸಾಬೂನು, ಯಾವುದನ್ನೂ ನಾನು ಬಿಡಲಿಲ್ಲ. ದೇವರ ತೀರ್ಥಕ್ಕೂ ಪರೀಕ್ಷೆಯಾಯಿತು. ಅದು ಚಿಂದಿಯನ್ನು ಕೆಂಪು ಮಾಡಲಿಲ್ಲ. ಇಂದಿಗೂ ಕೇಳಿದವರಿಗೆ ಹೇಳುತ್ತೇನೆ: ಹೆಸರು ಕೇಳಿ ಸರಕು ಕೊಳ್ಳಬೇಡಿ, ಹನಿ ಬಿಟ್ಟು ನೋಡಿ.

ವರ್ಷದ ಅರಿಷಿಣ ಕುಟ್ಟುವ ದಿನ ಬಂತು. ಮನೆಯೆಲ್ಲ ಘಾಟು. ಕುಟ್ಟಿ ಮುಗಿಸಿ ಅತ್ಯಾ ತನ್ನ ಬಿಳಿ ಸೀರೆಯನ್ನು ಸೋಡಾದಲ್ಲಿ ತೊಳೆದಳು. ಜಾಲಿಸಿ ಸೋಡಾ ತೆಗೆಯುವ ಮೊದಲೇ ನಳ ನಿಂತಿತು. ಹಾಗೆಯೇ ಒಣಹಾಕಿದಳು.

ಮಧ್ಯಾಹ್ನ ಅಜ್ಜಿ ಹಗ್ಗದ ಮುಂದೆ ನಿಂತು ಕೂಗಿದಳು. ಬಿಳಿ ಸೆರಗಿನಲ್ಲಿ ಕೆಂಪು ಕಲೆ.

"ಇದೇನ ತುಂಗಾ? ಹಣೀಗೆ ಕುಂಕುಮ ಹಚ್ಕೊಂಡು ಸೆರಗಿಗೆ ಒರಸ್ಕೊಂಡಿ?"

"ಇಲ್ಲವ್ವಾ, ಅರಿಷಿಣದ ಕಲೆ ಅದು."

"ಸುಣ್ಣ ಇಲ್ದ ಅರಿಷಿಣ ಕೆಂಪ ಆಗ್ತದೇನ? ನನಗ ಕಲಸ್ತಿ? ಇನ್ನೂ ಹೊಸ್ತಿಲ ದಾಟಿಲ್ಲ, ಆಗಲೇ ಹಿಂಗ! ಯಾವ ವರ್ಗಾನೂ ಬ್ಯಾಡ. ಒಲೀ ಮುಂದ ಕೂಡು."

ಅಜ್ಜಿಯ ಮಡಿಬಟ್ಟೆ ಕಂಡದ್ದು ಬರೀ ನೀರು. ಸೋಡಾ ನಮ್ಮ ಮನೆಗೆ ಬಂದದ್ದೇ ಆ ವರ್ಷ; ಆರತಿಯ ಓಕುಳಿಯಲ್ಲಿ ಸುಣ್ಣ ಮಾಡುವುದನ್ನು ಸೋಡಾವೂ ಮಾಡುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಪ್ಪ ಟೋಪಿ ಕೈಯಲ್ಲಿ ಹಿಡಿದು, "ಅವ್ವಾ, ಅದು..." ಎಂದವನು ಟೋಪಿಯನ್ನು ಗೂಟಕ್ಕೆ ಸಿಕ್ಕಿಸಲು ತಿರುಗಿದ. ಅತ್ಯಾಳ ಮುಖ ಸುಣ್ಣದಂತಾಗಿತ್ತು.

ನಾನು ಒಳಗೆ ಓಡಿ ಅರ್ಧ ನಿಂಬೆಹಣ್ಣು ತಂದು ಸೆರಗಿನ ಮೇಲೆ ಹಿಂಡಿದೆ. ಕೆಂಪು ಹಿಂದೆ ಸರಿಯಿತು. ಹಳದಿ.

"ಮಾಟಾ ಮಾಡ್ತಿಯೇನ ಖೋಡಿ?"

"ನೀನ ಸುಣ್ಣ ಹಚ್ಚಿ ನೋಡಜ್ಜಿ!" ಎಂದು ಅಪ್ಪನ ಎಲೆಡಬ್ಬಿ ಮುಂದೆ ಹಿಡಿದೆ.

ಅಜ್ಜಿ ಬೆರಳಿನಿಂದ ಸುಣ್ಣ ತೀಡಿದಳು. ಕೆಂಪಾಯಿತು. ತಾನೇ ನಿಂಬೆ ಹಿಂಡಿದಳು. ಹಳದಿಯಾಯಿತು. ಸೆರಗನ್ನು ಕೈಬಿಟ್ಟು, "ಅರಿಷಿಣಾನ ಅದ. ಹೋಗಲಿ ವರ್ಗಕ್ಕ" ಎಂದಳು.

"ಗೆದ್ದಿವಿ ಅತ್ಯಾ!" ಎಂದು ನಾನು ಕುಣಿದೆ.

ಅತ್ಯಾ ಸೀರೆ ಮಡಚುತ್ತಿದ್ದಳು. "ಹಳದಿ ಆತು ಅಂತ ಗೆದ್ದಿವಿ ಗಂಗೂ. ಖರೇನ ಕುಂಕುಮ ಆಗಿದ್ರ?"

ಅಜ್ಜಿಗೂ ಅದು ಕೇಳಿಸಿತು. ಅವಳೂ ಬೋಳು ಹಣೆಯವಳೇ. ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡು ಒಳಗೆ ಹೋದಳು.

ಅತ್ಯಾ ಶಿಕ್ಷಕಿಯಾದಳು. ನಾನು ಅರಿಷಿಣದ ವ್ಯಾಪಾರಕ್ಕಿಳಿದು, ಯಾರ ಆಸರೆಯೂ ಇಲ್ಲದೆ ಅಂಗಡಿ ಕಟ್ಟಿದೆ. ಚೌಕಾಸಿಯಲ್ಲಿ ಪಳಗಿದ ಮೇಲೆಯೇ ಅಂದಿನ ನಷ್ಟ ತಿಳಿದದ್ದು. ವಿಧವೆಗೆ ಕುಂಕುಮ ತಪ್ಪು ಎಂದು ಎದುರಿನವರು ಇಟ್ಟ ಬೆಲೆಯನ್ನು ಒಪ್ಪಿಕೊಂಡೇ ನಾನು ಗೆದ್ದಿದ್ದೆ. ನೀವು ಹಾಗೆ ಮಾಡಬೇಡಿ. ಮೊದಲು ಬೆಲೆಯನ್ನೇ ಪ್ರಶ್ನಿಸಿ.

ಈಗ ಆ ವಾಡೆ ಇಲ್ಲ, ಅರಿಷಿಣ ಕುಟ್ಟುವ ಸದ್ದಿಲ್ಲ, ಅತ್ಯಾ ಇಲ್ಲ. ಅಂಗಡಿಗೆ ಬರುವ ಹೆಂಗಸರನ್ನು ಇಂದು ಹಣೆಯ ಬಗ್ಗೆ ಅಷ್ಟಾಗಿ ಯಾರೂ ಕೇಳುವುದಿಲ್ಲ. ಅರಿಷಿಣ ತೂಗುವಾಗ ಕೈ ಹಳದಿಯಾಗುತ್ತದೆ, ಸಾಬೂನು ಹಚ್ಚಿದರೆ ಕೆಂಪಾಗುತ್ತದೆ. ಆ ಕೆಂಪನ್ನು ಅತ್ಯಾಳ ಹಣೆಯ ಮೇಲೆ ಒಮ್ಮೆಯೂ ನಾನು ನೋಡಲಿಲ್ಲ.