ಮರ್ಯಾದೆ ತೆಗೆದ ಸ್ಪೀಕರ್

ಕಳೆದ ವರ್ಷ ನನಗೆ ಸ್ಪೀಕರಿನ ಹುಚ್ಚು ಹಿಡಿಯಿತು. ಅಂತಿಂಥ ಹುಚ್ಚಲ್ಲ. ಹಲ್ಲುಜ್ಜುವಾಗ ಸ್ಪೀಕರ್, ಗಂಜಿ ಉಣ್ಣುವಾಗ ಸ್ಪೀಕರ್. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ ಸೊಂಟದೆತ್ತರದ ಒಂದು ಜೋಡಿ ನಿಂತಂತೆ ಕಲ್ಪಿಸಿಕೊಂಡು, ಖಾಲಿ ಮೂಲೆಯನ್ನು ನೋಡಿ ಒಬ್ಬನೇ ನಗುತ್ತಿದ್ದೆ. ಬೆಲೆಯನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಅಕ್ಕ ಓದುತ್ತಾಳೆ.

ಹೆಂಡತಿ ವಿಚಾರಣೆ ಶುರು ಮಾಡಿದಳು.

"ಅದರ ಮೇಲೆ ಎಂತಾದರೂ ಇಡ್ಲಿಕ್ಕೆ ಆಗ್ತದಾ?"

"ಇಲ್ಲ."

"ಒಳಗೆ?"

"ಇಲ್ಲ."

"ಮತ್ತೆ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ ಮಾರಾಯರೇ?"

ಸಾಲದ್ದಕ್ಕೆ ಉಪ್ಪುಗಾಳಿ. ಕಡಲ ಗಾಳಿಗೆ ನಮ್ಮಲ್ಲಿ ಬಾಗಿಲಿನ ಚಿಲಕವೇ ಬಾಳುವುದಿಲ್ಲ, ಇನ್ನು ಸ್ಪೀಕರಿನ ಹಿಂದೆ ವಯರು ಸಿಕ್ಕಿಸುವ ತಿರುಪುಗಳ ಗತಿ? ಅವಳು ಹೇಳಿದ್ದೆಲ್ಲ ಸರಿಯೇ ಇತ್ತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಕೊನೆಗೆ, "ಅಪ್ಪ ಒಪ್ಪಿದರೆ ತನ್ನಿ" ಎಂದಳು. ನಾನು ಒಳಗೊಳಗೇ ಕುಣಿದೆ. ನನ್ನ ಮಾವ ಕಾರ್ಕಳದವರು, ಎಂಬತ್ತು ದಾಟಿದವರು. ವೇಷ ಹಾಕದೆ, ಕುಣಿಯದೆ, ಕುಳಿತು ವಾದ ಮಾಡುವ ತಾಳಮದ್ದಲೆಯಲ್ಲಿ ಒಂದು ಕಾಲಕ್ಕೆ ಹೆಸರು ಮಾಡಿದ ಅರ್ಥಧಾರಿ. ನಮ್ಮ ಮದುವೆಯ ಮಾತುಕತೆ ನಡೆಯುತ್ತಿದ್ದಾಗ ನಾನು ಟೇಪ್‌ರೆಕಾರ್ಡರ್ ಹಿಡಿದುಕೊಂಡು ಅವರ ಕೂಟಕ್ಕೆ ಹೋಗಿದ್ದೆ. ಮಧ್ಯಾಹ್ನದ ಕೂಟ, ಅದಕ್ಕೆ ಮೊದಲು ಹೋಳಿಗೆ ಊಟ. ಮುಗಿದ ಮೇಲೆ, "ಒಂದಕ್ಷರ ಬಿಡದೆ ಕೇಳಿದೆ" ಎಂದೆ. ಮುಂದಿನ ತಿಂಗಳು ಮದುವೆ ನಿಶ್ಚಯವಾಯಿತು. ಅಂದಿನಿಂದ ಅವರು ಎಲ್ಲರಿಗೂ ನನ್ನನ್ನು ಪರಿಚಯಿಸುವುದು ಒಂದೇ ರೀತಿ: "ನನ್ನ ಅಳಿಯ. ಇವರಿಗೆ ಕೇಳುವ ಕಿವಿ ಉಂಟು." ಆ ಮನೆಯಲ್ಲಿ ನನಗಿರುವ ಆಸ್ತಿ ಈ ಮಾತೊಂದೇ. ಹೋಳಿಗೆ ಉಂಡ ಮೇಲೆ ಎರಡು ನಿಮಿಷ ಕಣ್ಣು ಹತ್ತಿದ್ದೂ ಉಂಟು. ಅದನ್ನು ಯಾರಿಗೂ ಹೇಳಿರಲಿಲ್ಲ.

ಮಾವನನ್ನು ಒಲಿಸಿಕೊಳ್ಳಲು ಅದೇ ಕೂಟದ ಧ್ವನಿಮುದ್ರಣವನ್ನು ಪೆನ್‌ಡ್ರೈವಿಗೆ ಹಾಕಿಸಿದೆ. ಎಂಥ ಬುದ್ಧಿವಂತ ನಾನು! ಮೂವರೂ ಮಣಿಪಾಲದ ಅಂಗಡಿಗೆ ಹೋದೆವು. ಗೋಡೆಗೆಲ್ಲ ಸ್ಪಂಜು ಹೊದೆಸಿದ ಕೋಣೆ, ಮೆತ್ತನೆಯ ಸೋಫಾ. ಮೊದಲು ಚಿಕ್ಕ ಜೋಡಿ ಹಾಕಿಸಿದೆವು. ಭಾಗವತರ ಕಂಠ ಜೇನು, ಆದರೆ ಮದ್ದಲೆ ಮಾತ್ರ ರಟ್ಟಿನ ಡಬ್ಬ ಬಡಿದ ಹಾಗೆ. ಚಾವಡಿಗೆ ಅದೇ ಸಾಕು ಎಂದಳು ಹೆಂಡತಿ. ಮಾವ ತಲೆಯಾಡಿಸಲಿಲ್ಲ.

ಆಮೇಲೆ ದೊಡ್ಡ ಜೋಡಿ. ಅಬ್ಬಬ್ಬಾ! ಮದ್ದಲೆಯ ಪೆಟ್ಟು ನೇರ ಎದೆಗೆ ಬಿತ್ತು. ಭಾಗವತರು ಉಸಿರೆಳೆದದ್ದು, ಯಾರೋ ಕುರ್ಚಿ ಸರಿಸಿದ್ದು, ಯಾವುದೋ ಬಳೆ ಕಿಣಿಗುಟ್ಟಿದ್ದು, ಎಲ್ಲ ಕೇಳಿಸಿತು. ಮಾವ ತಮ್ಮದೇ ಹಳೆಯ ಧ್ವನಿಯನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಗೆದ್ದೆ ಎಂದುಕೊಂಡೆ.

ಅಷ್ಟರಲ್ಲಿ ಶುರುವಾಯಿತು. ಗೊರ್‌ರ್‌ರ್. ಕೊನೆಗೊಂದು ಸಣ್ಣ ಶಿಳ್ಳೆ. ನಮ್ಮ ಹಳೆಯ ಸೆಟ್ಟಿನಲ್ಲಿ ಅದು ಟೇಪು ಸವೆದ ಗರಗರ ಅಷ್ಟೇ ಆಗಿತ್ತು. ಇಲ್ಲಿ ಪ್ರತಿಯೊಂದು ಎಳೆಯೂ ಬಿಡಿಬಿಡಿ.

ಅಂಗಡಿಯವರು ಮುಜುಗರದಿಂದ, "ಸರ್, ನಿಮ್ಮ ರೆಕಾರ್ಡಿಂಗ್‌ನಲ್ಲೇ ಏನೋ ನಾಯ್ಸ್ ಇದೆ" ಎಂದರು.

"ನಾಯ್ಸ್ ಅಲ್ಲ" ಎಂದಳು ಹೆಂಡತಿ. "ಅದು ನನ್ನ ಗಂಡ."

ಆ ಶಿಳ್ಳೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಅಂಗಡಿಯವರು ಎಷ್ಟು ಮುಂದೆ ಓಡಿಸಿದರೂ ಗೊರಕೆ ನಿಲ್ಲಲಿಲ್ಲ. ಮಾವ ಅಲ್ಲಿ ವಾದದ ಮೇಲೆ ವಾದ ಹೂಡುತ್ತಿದ್ದರೆ, ಪ್ರತಿ ವಾದಕ್ಕೂ ನನ್ನದೊಂದು ಉತ್ತರ. ಎರಡು ನಿಮಿಷವಂತೆ! ಮುಕ್ಕಾಲು ಗಂಟೆ! ನನಗೆ ಸೋಫಾದೊಳಗೆ ಇಳಿದುಹೋದರೆ ಸಾಕೆನಿಸಿತು. ನಿಜಕ್ಕೂ ನಾಚಿಕೆಯಾಯಿತು.

"ಮಾವ, ನಾನು ಸುಳ್ಳು ಹೇಳಿದ್ದೆ" ಎಂದೆ.

ಮಾವ ಕಣ್ಣು ತೆರೆದರು. "ಎದುರಿಗೇ ಕೂತಿದ್ದವನು ನಾನು. ನನಗೆ ಗೊತ್ತಿಲ್ವಾ?"

"ಆವಾಗಲೇ ಗೊತ್ತಿತ್ತಾ? ಮತ್ತೆ ಮಗಳನ್ನು ಹೇಗೆ ಕೊಟ್ಟಿರಿ?"

"ಊಟ ಆದದ್ದೇ ಅರ್ಧ ಸಭೆ ಎದ್ದು ಹೋಯಿತು ಮಾರಾಯರೇ. ನೀವು ಕೂತಿರಿ. ತಲೆ ನಾಲ್ಕೈದು ಸಲ ಎದೆಗೆ ಬಿತ್ತು, ತೊಡೆಯ ಮೇಲಿನ ಟೇಪ್‌ರೆಕಾರ್ಡರನ್ನು ಮಾತ್ರ ಎರಡೂ ಕೈಯಲ್ಲಿ ಹಿಡ್ಕೊಂಡಿದ್ರಿ. ನಿದ್ದೆಯಲ್ಲಿಯೂ ಬಿಡಲಿಲ್ಲ. ಇವರ ಕೈಯಲ್ಲಿ ನನ್ನ ಮಗಳು ಕ್ಷೇಮವಾಗಿ ಇರ್ತಾಳೆ ಅಂತ ಕಂಡಿತು."

ಹೆಂಡತಿ ನಗುತ್ತಿದ್ದಳೋ ಅಳುತ್ತಿದ್ದಳೋ, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅಂಗಡಿಯವರು ಹಿಂಜರಿಯುತ್ತಾ, "ಮೇಡಂ, ಚಿಕ್ಕದೇ ಇರಲಾ?" ಎಂದು ಕೇಳಿದರು.

"ಛೆ ಛೆ" ಎಂದಳು ಅವಳು. "ಗೊರಕೆ ಇಷ್ಟು ಚಂದ ಅದರಲ್ಲಿ ಎಲ್ಲಿ ಕೇಳ್ತದೆ? ದೊಡ್ಡದೇ ಕೊಡಿ."