ಮಹಬೂಲಾದ ಖಾಲಿ ಮಂಚ

ಜಮೀಲಕ್ಕನಿಗೆ ಮಂಚ ಸಿಗದಂತೆ ಮಾಡಿದವಳು ನಾನು. ಸಮಿತಿಯ ತಲೆಗೆ ಕಟ್ಟುವುದಿಲ್ಲ, ಅವರ ಹಣೆಬರಹ ಎನ್ನುವುದಿಲ್ಲ — ನಾನು, ಸ್ಟೆಲ್ಲಾ. ಕುವೈತಿನ ಫಿಂಟಾಸಿನಲ್ಲಿ ಗಂಡ, ಮಗಳ ಜೊತೆ ಸಂಸಾರ ಮಾಡಿಕೊಂಡು ಶುವೈಖಿನ ಒಂದು ಕಾರ್ಗೋ ಆಫೀಸಿನಲ್ಲಿ ಕೆಲಸ ಮಾಡುವವಳು. ನಮ್ಮ ಸಂಘದವರು ಈ ವರ್ಷದ ಸಂಚಿಕೆಗೆ ನನ್ನಿಂದ ‘ವಸತಿ ಸಲಹಾ ಸಮಿತಿಯ ಸವಿನೆನಪು’ ಕೇಳಿದ್ದಾರೆ. ಸವಿಯಾದದ್ದನ್ನು ಬರೆಯಲು ಬೇಕಾದಷ್ಟು ಜನ ಇದ್ದಾರೆ. ನನ್ನ ಹತ್ತಿರ ಇರುವುದು ಇದು. ಅಚ್ಚು ಹಾಕುವ ಧೈರ್ಯ ಇದ್ದರೆ ಹಾಕಿ; ಇಲ್ಲದಿದ್ದರೆ ಈ ಪುಟವನ್ನು ಯಾವುದಾದರೂ ಚಿನ್ನದಂಗಡಿಯ ಜಾಹೀರಾತಿಗೆ ಕೊಟ್ಟುಬಿಡಿ.

ಸಮಿತಿ ಏನು ಮಾಡುತ್ತಿತ್ತು ಎಂಬುದನ್ನು ಮೊದಲು ಹೇಳಬೇಕು — ಇಲ್ಲದಿದ್ದರೆ ನಾನು ಕಿತ್ತುಕೊಂಡದ್ದು ಏನೆಂದು ತಿಳಿಯುವುದಿಲ್ಲ. ಕುವೈತಿನಲ್ಲಿ ಕೆಲಸ ಹೋದರೆ ಅದರ ಜೊತೆಗೇ ಸೂರೂ ಹೋಗುತ್ತದೆ. ಕಂಪೆನಿಯ ರೂಮನ್ನು ಕಂಪೆನಿ ತೆಗೆದುಕೊಳ್ಳುತ್ತದೆ, ಮನೆಕೆಲಸದವರ ಮೂಲೆಯನ್ನು ಮನೆಯವರು ತೆಗೆದುಕೊಳ್ಳುತ್ತಾರೆ. ಅಂಥವರಿಗಾಗಿ ನಮ್ಮ ಕರಾವಳಿಯವರ ಸಂಘ ಮಹಬೂಲಾದಲ್ಲಿ ಎರಡು ಫ್ಲಾಟು ಹಿಡಿದಿತ್ತು, ಗಂಡಸರಿಗೊಂದು, ಹೆಂಗಸರಿಗೊಂದು. ಸಣ್ಣ ಸಂಬಳದವರಿಗೆ ಸಣ್ಣ ಬಾಡಿಗೆ, ಕೆಲಸ ಕಳೆದುಕೊಂಡವರಿಗೆ ಬಾಡಿಗೆಯೇ ಇಲ್ಲ. ಯಾರಿಗೆ ಮಂಚ ಕೊಡಬಹುದು ಎಂದು ಸಂಘಕ್ಕೆ ಸಲಹೆ ಕೊಡುವುದು ನಮ್ಮ ಕೆಲಸ. ಆದರೆ ಸಲಹೆ ಕೊಟ್ಟು ಕೈ ತೊಳೆದುಕೊಂಡವರಲ್ಲ ನಾವು. ಊರಿಗೆ ಖಾಯಂ ಹೋಗುವವರ ಮನೆಯಿಂದ ಹಾಸಿಗೆ, ಫ್ರಿಜ್ಜು ಹೊತ್ತು ತಂದಿದ್ದೇವೆ. ಬಾಡಿಗೆ ಏರಿಸಲು ಬಂದ ಏಜೆಂಟರ ಜೊತೆ ಗಂಟಲು ಹರಿಯುವಂತೆ ಜಗಳವಾಡಿದ್ದೇವೆ. ನಮ್ಮ ಫ್ಲಾಟಿನ ಯಾರನ್ನಾದರೂ ಪೊಲೀಸರು ಚೆಕ್ಕಿಂಗಿನಲ್ಲಿ ಹಿಡಿದರೆ, ಅರಬಿ ಚೆನ್ನಾಗಿ ಬಲ್ಲ ಸದಸ್ಯರೊಬ್ಬರು ಕಾಗದಪತ್ರ ಹಿಡಿದುಕೊಂಡು ಠಾಣೆಗೆ ಓಡುತ್ತಿದ್ದರು. ಹಾಗಾಗಿ ಆ ಮಂಚ ಎಂದರೆ ಬರೀ ಮಲಗುವ ಜಾಗವಾಗಿರಲಿಲ್ಲ. ನಮ್ಮವರು ಎಂದು ಹೇಳಲು ಹಿಂದೆ ಯಾರೋ ಇದ್ದಾರೆ ಎಂದಾಗಿತ್ತು.

ನಮ್ಮಲ್ಲಿ ಒಂದು ಕ್ರಮವಿತ್ತು. ಇಲ್ಲಿನ ಬ್ಯಾಚುಲರ್ ರೂಮುಗಳಿಂದ ಬಂದದ್ದು. ಒಂದು ರೂಮಿನಲ್ಲಿ ಆರು ಜನ ಮಲಗುವಾಗ ಏಳನೆಯವನು ಬರಬೇಕಾದರೆ ಆರೂ ಜನ ಒಪ್ಪಬೇಕು. ಒಬ್ಬ ಬೇಡವೆಂದರೂ ಮುಗಿಯಿತು, ಕಾರಣ ಕೇಳುವ ಹಾಗಿಲ್ಲ. ಕಾರಣ ಕೇಳಿದರೆ ಒಬ್ಬನ ಕುಡಿತವೋ ಕೈಚಳಕವೋ ಬಾಯಿಂದ ಬಾಯಿಗೆ ಊರಿನವರೆಗೂ ಹೋಗುತ್ತದೆ. ಮಾನ ಉಳಿಯಲಿ ಎಂದು ಮಾಡಿಕೊಂಡ ಕ್ರಮ ಅದು. ಸಮಿತಿಯೂ ಅದನ್ನೇ ಹಿಡಿದುಕೊಂಡಿತು. ಯಾರಾದರೂ ಒಬ್ಬರು “ನನಗೆ ಸರಿ ಬರುದಿಲ್ಲ” ಎಂದರೆ ಸಾಕು, ಆ ವಿಷಯ ಅಲ್ಲಿಗೇ ಮುಚ್ಚುತ್ತಿತ್ತು. ಎಲ್ಲರೂ ಇದನ್ನು ದೊಡ್ಡ ಮರ್ಯಾದೆ ಎಂದುಕೊಂಡಿದ್ದೆವು.

ಇನ್ನು ನನ್ನ ವಿಷಯ. ಇರಾಕಿನವರ ಜೊತೆಗಿನ ಯುದ್ಧ ಮುಗಿದ ಹೊಸದರಲ್ಲಿ ನಾನು ಕುವೈತಿಗೆ ಬಂದೆ. ಬಂದದ್ದು ಮನೆಕೆಲಸಕ್ಕೆ. ಹೌದು, ಸಮಿತಿಯ ಸ್ಟೆಲ್ಲಾ ಬಾಯಿ, ಪ್ರತಿ ವರ್ಷ ಸ್ಟೇಜಿನ ಮೇಲೆ ಹೂಗುಚ್ಛ ಹಿಡಿದು ನಿಲ್ಲುವ ಸ್ಟೆಲ್ಲಾ ಬಾಯಿ, ಒಂದು ಅರಬಿ ಮನೆಯಲ್ಲಿ ನಾಲ್ಕು ವರ್ಷ ಕಕ್ಕಸು ತೊಳೆದಿದ್ದಾಳೆ, ಮಕ್ಕಳ ಕುಂಡೆ ತೊಳೆದಿದ್ದಾಳೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ಇವತ್ತು ಕೂಗಿ ಹೇಳುತ್ತೇನೆ. ಅವತ್ತು — ಅವತ್ತು ಪಿಸುಗುಟ್ಟಲೂ ಆಗಿರಲಿಲ್ಲ.

ಆ ಮನೆಯಲ್ಲಿ ಅಡುಗೆಗೆ ಇದ್ದವರು ಜಮೀಲಕ್ಕ. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಂಗಸು, ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು. ನನ್ನದು ಕೊಂಕಣಿ, ಅವರದು ಬ್ಯಾರಿ; ನಡುವೆ ನಮ್ಮಿಬ್ಬರ ಮಂಗಳೂರು ಕನ್ನಡ. ನನಗೆ ಮೈತುಂಬ ಕೋಟ್ಲೆ — ಚಿಕನ್ ಪಾಕ್ಸ್ — ಎದ್ದಾಗ ನನ್ನನ್ನು ಮನೆಯವರ ಕಣ್ಣಿಗೆ ಬೀಳದಂತೆ ಮಲಗಿಸಿ ನನ್ನ ಪಾಲಿನ ಕೆಲಸವನ್ನೂ ಮಾಡಿದರು. ನಾನು ಊರಿನಲ್ಲಿ ಟೈಪಿಂಗ್ ಕಲಿತಿದ್ದೆ. ಕಾರ್ಗೋ ಆಫೀಸಿನಲ್ಲಿ ಜಾಗ ಖಾಲಿಯಾದಾಗ, ನನ್ನನ್ನು ಬಿಟ್ಟುಕೊಡುವಂತೆ ಮನೆಯೊಡತಿಯ ಕಾಲು ಹಿಡಿದವರೂ ಅವರೇ. ಹೊಸಬಳು ಬರುವ ತನಕ ಇಬ್ಬರ ಕೆಲಸವನ್ನೂ ಒಬ್ಬಳೇ ಮಾಡುತ್ತೇನೆಂದು ಒಪ್ಪಿಕೊಂಡು ನನ್ನನ್ನು ಬಿಡಿಸಿದರು.

“ನೀನು ಹೋಗು ಮಾರಾಯ್ತಿ,” ಎಂದಿದ್ದರು ಹೊರಡುವ ದಿನ. “ಇಲ್ಲಿ ಕೂತರೆ ನೀನೂ ನನ್ನ ಹಾಗೆ ಆಗುದು. ಮತ್ತೆ ಈ ಕಡೆ ತಿರುಗಿ ನೋಡುದು ಬೇಡ.”

ನೋಡಲಿಲ್ಲ. ಎಷ್ಟು ಚೆನ್ನಾಗಿ ನೋಡಲಿಲ್ಲವೆಂದರೆ, ಒಂದು ಫೋನೂ ಮಾಡಲಿಲ್ಲ. ಮದುವೆಯಾಯಿತು, ಮಗಳು ಶರೋನ್ ಹುಟ್ಟಿದಳು. ಗಂಡನಿಗೆ ನನ್ನ ಹಿಂದಿನದು ಗೊತ್ತಿತ್ತು, ಬೇರೆ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ವಾರದ ರಜೆಯಾದ ಶುಕ್ರವಾರ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಆಫೀಸು, ಆಸ್ಪತ್ರೆಯವರು ಒಂದು ಕಡೆ ನಿಲ್ಲುತ್ತಾರೆ. ಮನೆಕೆಲಸದ ಹೆಂಗಸರು ಗೇಟಿನ ಹತ್ತಿರ ನಿಲ್ಲುತ್ತಾರೆ. ಯಾರೂ ಗೆರೆ ಎಳೆದಿಲ್ಲ, ಆದರೂ ಎಲ್ಲರಿಗೂ ತಮ್ಮ ಜಾಗ ಗೊತ್ತು. ನಾನು ಬಂದ ಮೊದಲ ದಿನದಿಂದಲೇ ಈ ಕಡೆಯವಳು ಎಂದು ಎಲ್ಲರೂ ನಂಬಿದ್ದರು. ನಂಬಿಸಿದವಳು ನಾನೇ.

ಹತ್ತು ವರ್ಷ ಕಳೆದಿರಬೇಕು. ಒಂದು ಶುಕ್ರವಾರ ಊಟದ ನಂತರ ನಮ್ಮ ಅಧ್ಯಕ್ಷರಾದ ಹಸನಬ್ಬ ಹಾಜಿಯವರ ಮನೆಯಲ್ಲಿ ಸಮಿತಿ ಕುಳಿತಿತ್ತು. ಹಾಜಿಯವರು ಒಬ್ಬ ಹೆಂಗಸನ್ನು ಒಳಗೆ ಕರೆದರು. ತಲೆ ಮುಚ್ಚಿದ್ದ ಶಾಲಿನ ಅಂಚಿನಲ್ಲಿ ಕೂದಲು ಬೆಳ್ಳಗಾಗಿತ್ತು, ಹೆಗಲು ಇಳಿದಿತ್ತು. ಆದರೂ ನೋಡಿದ ಕೂಡಲೇ ಜಮೀಲಕ್ಕ ಎಂದು ಗೊತ್ತಾಯಿತು. ಅವರು ಕೂಡ ನನ್ನನ್ನು ಗುರುತಿಸಿದರು. ಕಣ್ಣಿನಲ್ಲಿ ಒಂದು ಕ್ಷಣ ಸಂತೋಷ ಬಂತು — ನಾನು ಅದನ್ನು ಸ್ಪಷ್ಟವಾಗಿ ನೋಡಿದ್ದೇನೆ — ಆಮೇಲೆ ಅವರು ನನ್ನ ಸೀರೆಯನ್ನು, ನಾನು ಕುಳಿತಿದ್ದ ಸೋಫಾವನ್ನು, ಸುತ್ತಲಿನವರನ್ನು ನೋಡಿದರು. ನೋಡಿ, ಕೈ ಮುಗಿದು, “ನಮಸ್ಕಾರ ಮೇಡಂ” ಎಂದರು. ಉಳಿದವರಿಗೆ ಹೇಗೋ ನನಗೂ ಹಾಗೆಯೇ.

ಅವರ ಕಥೆಯನ್ನು ಹಾಜಿಯವರೇ ಹೇಳಿದರು. ಮನೆಯೊಡತಿ ತೀರಿಕೊಂಡಿದ್ದರು. ಜಮೀಲಕ್ಕನ ಕಫೀಲನಾಗಿದ್ದ, ಎಂದರೆ ವೀಸಾ ಕೊಟ್ಟ ಯಜಮಾನನಾಗಿದ್ದ ಮಗ ಅಡುಗೆಯವಳು ಬೇಡವೆಂದು ಹೊರಡಲು ಹೇಳಿದ್ದ. ಫಹಾಹೀಲಿನ ಒಂದು ಕೇಟರಿಂಗ್ ಅಡುಗೆಮನೆಯವರು ಕೆಲಸಕ್ಕೆ ತೆಗೆದುಕೊಳ್ಳಲು ತಯಾರಿದ್ದರು. ಕಫೀಲ, ಬೇರೆ ಕಡೆ ಕೆಲಸಕ್ಕೆ ಸೇರಲು ಬಿಟ್ಟುಕೊಡುವ ರಿಲೀಸ್ ಕಾಗದಕ್ಕೆ ಸೈನು ಹಾಕುತ್ತೇನೆಂದು ಮಾತು ಕೊಟ್ಟಿದ್ದ. ಅದು ಕೈಗೆ ಬರುವ ತನಕ ತಲೆಯ ಮೇಲೆ ಒಂದು ಸೂರು — ಅವರು ಕೇಳಿದ್ದು ಅಷ್ಟೇ. ಹೆಂಗಸರ ಫ್ಲಾಟಿನಲ್ಲಿ ಕಿಟಕಿಯ ಬಳಿಯ ಮಂಚ ಖಾಲಿಯಿತ್ತು.

ಅವರನ್ನು ಅಡುಗೆಮನೆಗೆ ಕಳಿಸಿ ಚಹಾ ಕೊಟ್ಟರು. ಹಾಜಿಯವರು ಎಂದಿನಂತೆ ಕೇಳಿದರು, “ಯಾರಿಗಾದ್ರೂ ಎಂತಾದ್ರೂ ಹೇಳ್ಲಿಕ್ಕುಂಟಾ?”

ಅವರು ನನ್ನ ಗುಟ್ಟನ್ನು ಕಾಯುತ್ತಿದ್ದಾರೆ ಎಂದು ನನಗೆ ಗೊತ್ತಿತ್ತು. ಆ ‘ಮೇಡಂ’ ಎಂಬ ಮಾತಿನಲ್ಲೇ ಗೊತ್ತಾಗಿತ್ತು. ಗೊತ್ತಿದ್ದೂ ಮನಸ್ಸು ಬೇರೆಯೇ ಲೆಕ್ಕ ಹಾಕಿತು — ಇವತ್ತು ಮೇಡಂ ಎಂದರು, ನಾಳೆ ಎಂಟು ಹೆಂಗಸರ ನಡುವೆ ಮಲಗಿದಾಗ ಒಂದು ಮಾತು ಜಾರಿದರೆ? ಚರ್ಚಿನ ಅಂಗಳಕ್ಕೆ ಬರಲು ಎಷ್ಟು ಹೊತ್ತು? ಅಂಗಳದಿಂದ ನನ್ನ ಮಗಳ ಶಾಲೆಗೆ —

“ನನಗೆ ಸರಿ ಬರುದಿಲ್ಲ,” ಎಂದೆ.

ಯಾರೂ ಏನೂ ಕೇಳಲಿಲ್ಲ. ಹಾಜಿಯವರು ಒಂದು ಸಲ ನನ್ನ ಮುಖ ನೋಡಿದರು, ತಲೆಯಾಡಿಸಿದರು, ಎದ್ದು ಅಡುಗೆಮನೆಗೆ ಹೋದರು. “ಈ ಸಲ ಆಗುದಿಲ್ಲ ಜಮೀಲಾ, ಬೇಜಾರು ಮಾಡ್ಕೊಳ್ಬೇಡ,” ಎಂದದ್ದು ನಮಗೆಲ್ಲ ಕೇಳಿಸಿತು. ಅದಕ್ಕೆ ಅವರು, “ಅಡ್ಡಿಲ್ಲ ಹಾಜಿಯವ್ರೇ, ನೀವು ಕೇಳಿದ್ರಲ್ಲ, ಅದೇ ದೊಡ್ದು,” ಎಂದರು. ನಾವು ಏಳುವಷ್ಟರಲ್ಲಿ ಹೋಗಿದ್ದರು. ಸಿಂಕಿನಲ್ಲಿ ರಾಶಿ ಬಿದ್ದಿದ್ದ ನಮ್ಮೆಲ್ಲರ ಗ್ಲಾಸುಗಳನ್ನು ತೊಳೆದಿಟ್ಟು ಹೋಗಿದ್ದರು.

ಆಮೇಲೆ ಅವರಿಗೆ ಸಿಕ್ಕಿದ್ದು ಮಹಬೂಲಾದ ಇನ್ನೊಂದು ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ. ಕಾವಲುಗಾರ ಕನಿಕರಪಟ್ಟು ಬಿಟ್ಟಿದ್ದ. ಅಲ್ಲಿಗೆ ಚೆಕ್ಕಿಂಗ್ ಬಂತು. ಮನೆಕೆಲಸದ ಇಕಾಮಾ, ಎಂದರೆ ವಾಸದ ಪರವಾನಗಿ ಇರುವವಳು ಕಫೀಲನ ಮನೆ ಬಿಟ್ಟು ಇಲ್ಲೇನು ಮಾಡುತ್ತಿದ್ದಾಳೆ ಎಂದು ಹಿಡಿದುಕೊಂಡು ಹೋದರು. ಠಾಣೆಗೆ ಹೋಗಿ ಮಾತಾಡುವವರು ಯಾರೂ ಇರಲಿಲ್ಲ. ಕಫೀಲ ರಜೆಗೆ ಹೊರದೇಶಕ್ಕೆ ಹೋಗಿದ್ದ. ಬೆರಳಚ್ಚು ತೆಗೆದು ಊರಿಗೆ ಕಳಿಸಿದರು. ಹಾಗೆ ಹೋದವರು ಮತ್ತೆ ಬರುವ ಹಾಗಿಲ್ಲ.

ಈ ಸುದ್ದಿಯನ್ನೂ ಹಾಜಿಯವರೇ ಒಂದು ಶುಕ್ರವಾರ ಹೇಳಿದರು. “ರಿಲೀಸಿಗೆ ಅವ ಸೈನು ಹಾಕಿಯೇ ಹೋಗಿದ್ದಂತೆ ಮಾರಾಯ್ರೆ. ಕೇಟರಿಂಗಿನವ್ರ ಮೇಜಿನ ಮೇಲೆ ಇತ್ತಂತೆ ಕಾಗದ. ತೋರಿಸ್ಲಿಕ್ಕೆ ಒಂದು ಜನ ಇರ್ಲಿಲ್ಲ.”

ಎಲ್ಲರೂ ಚಹಾದ ಗ್ಲಾಸು ನೋಡಿದರು. ನನ್ನನ್ನು ಯಾರೂ ನೋಡಲಿಲ್ಲ, ಅದೂ ಮರ್ಯಾದೆಯೇ. ಕಿಟಕಿಯ ಬಳಿಯ ಆ ಮಂಚ ಅಷ್ಟೂ ದಿನ ಖಾಲಿಯೇ ಇತ್ತು. ನಾನೇ ಫ್ಲಾಟಿಗೆ ಹೋದಾಗ ನೋಡಿದ್ದೇನೆ. ಹಾಸಿಗೆಯ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ.

ಅದಾದ ಮೇಲೆ ನಾನು ಸಮಿತಿಯಲ್ಲಿ ಮೈಮುರಿದು ದುಡಿದೆ. ಎಷ್ಟೋ ಹೆಂಗಸರಿಗೆ ಮಂಚ ಕೊಡಿಸಿದೆ. ಅದನ್ನೆಲ್ಲ ತಕ್ಕಡಿಯ ಒಂದು ತಟ್ಟೆಗೆ ಹಾಕಿ, ಜಮೀಲಕ್ಕನನ್ನು ಇನ್ನೊಂದಕ್ಕೆ ಹಾಕಿ, “ನೋಡಿ, ಸಮ ಆಯಿತಲ್ಲ” ಎನ್ನುವವರು ನಿಮ್ಮಲ್ಲಿ ಇರುತ್ತಾರೆ. ದಯವಿಟ್ಟು ಸುಮ್ಮನಿರಿ. ಆಗಿನ ಕಾಲ ಹಾಗಿತ್ತು, ನೀನೂ ಪಾಪದವಳು, ಸಮಾಜಕ್ಕೆ ಹೆದರಿದೆ — ಇವೆಲ್ಲ ನನಗೂ ಬರುವ ಮಾತುಗಳೇ. ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ಒಂದು ಸಲವೂ ನಿದ್ದೆ ಬಂದಿಲ್ಲ. ಗೇಟಿನ ಹತ್ತಿರ ನಿಲ್ಲುವವರಲ್ಲಿ ಒಬ್ಬಳೆನಿಸಿಕೊಳ್ಳಲು ಹೆದರಿ ಬದುಕಿದ ನನ್ನಂಥವಳಿಗೆ ನಿಮ್ಮ ಸ್ಮರಣಿಕೆಯೂ ಬೇಡ, ಸಮಾಧಾನವೂ ಬೇಡ.

ಜಮೀಲಕ್ಕ, ಇದನ್ನು ಯಾರಾದರೂ ನಿಮಗೆ ಓದಿ ಹೇಳಿದರೆ — ಕ್ಷಮಿಸಿ ಎಂದು ಕೇಳುತ್ತಿಲ್ಲ. ನೀವು ಕ್ಷಮಿಸಿಬಿಡುತ್ತೀರಿ, ಅದು ನನಗೆ ಗೊತ್ತು, ಅದೇ ನನಗೆ ಹೆದರಿಕೆ. ಬೈಯಿರಿ. ಉಪ್ಪಿನಂಗಡಿ ಪೇಟೆಯ ಮಧ್ಯೆ ನಿಂತು ನನ್ನ ಹೆಸರು ಹಿಡಿದು ಬೈಯಿರಿ.

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಯಾಕೆ ಬಾಯಿ ಬಿಟ್ಟಳು ಎಂದು ಕೇಳುವವರಿಗೆ ಹೇಳುತ್ತೇನೆ. ಕಳೆದ ಶುಕ್ರವಾರ ಸಮಿತಿಯ ಮುಂದೆ ಒಬ್ಬ ಹುಡುಗಿ ಬಂದಳು. ಕೆಲಸ ಮಾಡುತ್ತಿದ್ದ ಬ್ಯೂಟಿ ಸಲೂನ್ ಮುಚ್ಚಿಹೋಗಿತ್ತು. ಇಕಾಮಾ ಸರಿಯಾಗಿಯೇ ಇತ್ತು. ಅವಳನ್ನು ಹೊರಗೆ ಕಳಿಸಿದ ಮೇಲೆ ಸದಸ್ಯರೊಬ್ಬರು, “ನನಗೆ ಸರಿ ಬರುದಿಲ್ಲ” ಎಂದರು. ಹಾಜಿಯವರು ಏಳುವಷ್ಟರಲ್ಲಿ ನಾನು ಕೇಳಿಬಿಟ್ಟೆ, “ಯಾಕೆ?”

ಕೋಣೆಯಲ್ಲಿ ನಾನು ಉಗುಳಿದೆನೋ ಎಂಬಂತೆ ಎಲ್ಲರೂ ನೋಡಿದರು.

“ಸ್ಟೆಲ್ಲಾ ಬಾಯಿ, ಹಾಗೆ ಕೇಳುವ ಕ್ರಮ ಇಲ್ಲಲ್ಲ,” ಎಂದರು ಹಾಜಿಯವರು, ಮೆತ್ತಗೆ.

“ಇಲ್ಲ. ಇದ್ದಿದ್ರೆ ಜಮೀಲಕ್ಕ ಇವತ್ತು ಇಲ್ಲೇ ಇರ್ತಿದ್ರು,” ಎಂದೆ. “ಬೇಡ ಹೇಳುವವ್ರು ಕಾರಣ ಹೇಳ್ಬೇಕು. ಹೊರಗೆ ಹೇಳುದು ಬೇಡ, ಈ ನಾಲ್ಕು ಗೋಡೆ ಒಳಗೆ ಹೇಳಿ. ಅವತ್ತು ನನ್ನನ್ನು ಯಾರಾದ್ರೂ ಕೇಳಿದ್ರೆ ನನ್ನ ಹತ್ರ ಹೇಳುವಂಥ ಕಾರಣವೇ ಇರ್ಲಿಲ್ಲ.”

ಆ ಸದಸ್ಯರು ಕಾರಣ ಹೇಳಲಿಲ್ಲ. ಕ್ರಮವೂ ಬದಲಾಗಲಿಲ್ಲ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದು ಆ ಹುಡುಗಿಯನ್ನು ನಮ್ಮ ಮನೆಗೆ ಕರೆದುಕೊಂಡು ಬಂದೆ. ಇದು ಪ್ರಾಯಶ್ಚಿತ್ತ ಎಂದು ಯಾರೂ ತಿಳಿಯಬೇಡಿ. ಜಮೀಲಕ್ಕನ ಸಾಲನ್ನು ಇನ್ನೊಬ್ಬಳಿಗೆ ತೀರಿಸಲು ಬರುವುದಿಲ್ಲ. ಅವಳಿಗೆ ಮಲಗಲು ಜಾಗ ಬೇಕಿತ್ತು, ನಮ್ಮ ಹಾಲ್‌ನಲ್ಲಿ ಸೋಫಾ ಇತ್ತು.

ಮರುದಿನ ಬೆಳಿಗ್ಗೆ ನಾನು ಎದ್ದು ಬಂದಾಗ ಅವಳು ಕುಕ್ಕರುಗಾಲಿನಲ್ಲಿ ಕುಳಿತು ನಮ್ಮ ನೆಲ ಒರೆಸುತ್ತಿದ್ದಳು. ಇರಲು ಬಿಟ್ಟವರ ಮನೆಯಲ್ಲಿ ಸುಮ್ಮನೆ ಇರಬಾರದು ಎಂದು ಅವಳಿಗೆ ಯಾರೋ ಕಲಿಸಿದ್ದರು. ನಾನು ಬಟ್ಟೆ ಕಿತ್ತುಕೊಂಡು, “ಮೇಲೆ ಕೂತ್ಕೋ” ಎಂದೆ. ಉಳಿದ ಅರ್ಧ ನೆಲವನ್ನು ನಾನೇ ಒರೆಸತೊಡಗಿದೆ. ಹಿಂದಕ್ಕೆ ಸರಿಯುತ್ತಾ, ಮೂಲೆಗೆ ಬಟ್ಟೆ ಮಡಚಿ ಒತ್ತಿ, ಕೈ ತಾನಾಗಿಯೇ ಹೋಯಿತು. ಶರೋನ್ ಹಲ್ಲುಜ್ಜುತ್ತಾ ಬಾಗಿಲಲ್ಲಿ ನಿಂತು ನೋಡಿದಳು.

“ಮಮ್ಮಾ, ವಾಟ್ ಆರ್ ಯೂ ಡೂಯಿಂಗ್?”

“ನನ್ನ ಹಳೇ ಕೆಲಸ,” ಎಂದೆ. “ನಾನು ಕುವೈತಿಗೆ ಬಂದದ್ದು ಇದೇ ಕೆಲಸಕ್ಕೆ. ಜಮೀಲಕ್ಕ ಅಂತ ಒಬ್ರು ನನ್ನನ್ನು ಬಿಡಿಸಿ ಆಫೀಸಿಗೆ ಕಳಿಸಿದ್ರು.”

ಅವಳು ಬಾಯಿಯಿಂದ ಬ್ರಷ್ ತೆಗೆದಳು. ಮನೆಕೆಲಸವೇ ಎಂದು ಹುಬ್ಬೇರಿಸುತ್ತಾಳೆ, ಮುಖ ತಿರುಗಿಸುತ್ತಾಳೆ ಎಂದು ನಾನು ಇಷ್ಟು ವರ್ಷ ಹೆದರಿದ್ದೆನಲ್ಲ — ಅದು ಯಾವುದೂ ಆಗಲಿಲ್ಲ.

“ವೇರ್ ಈಸ್ ಶೀ ನೌ?” ಎಂದಳು.

ನಾನು ನೆಲದ ಮೇಲೆಯೇ ಕುಳಿತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಸುದ್ದಿ ಶಾಲೆಗೆ ಮುಟ್ಟೀತೆಂದು ಶರೋನಳನ್ನೇ ನೆಪ ಮಾಡಿಕೊಂಡದ್ದನ್ನೂ ಹೇಳಿದೆ. ಹೇಳಿ ಮುಗಿದ ಮೇಲೆ ಅವಳು ನನ್ನ ಹತ್ತಿರ ಬರಲಿಲ್ಲ, ಹೆಗಲು ಮುಟ್ಟಲಿಲ್ಲ. ಬ್ರಷ್ ಕೈಯಲ್ಲೇ ಹಿಡಿದು ನನ್ನನ್ನೇ ನೋಡುತ್ತಾ ನಿಂತಿದ್ದಳು. ನಾನು ಮುಖ ತಗ್ಗಿಸಲಿಲ್ಲ. ನೋಡಲಿ ಎಂದು ಕುಳಿತಿದ್ದೆ.