ಹನ್ನೆರಡು ವೋಲ್ಟಿನ ಬೆಳಕು

ಅಮ್ಮ ಸೀರೆಗೆ ಫಾಲ್ ಹೊಲೀತಿದ್ಲು. ಮುಂಬೈ ಬೊರಿವಲಿಯ ನಮ್ಮ ಬಿಲ್ಡಿಂಗಲ್ಲಿ ಅರ್ಧ ಹೆಂಗಸರ ಸೀರೆ ಅವಳ ಮಡಿಲಿಂದ ಎದ್ದು ಹೋದದ್ದೇ. ಶುಗರ್ ಕಣ್ಣಿಗೆ ಇಳಿದಾಗ ಡಾಕ್ಟರು, "ಹೋದದ್ದು ವಾಪಸ್ ಬರೂದಿಲ್ಲ, ಉಳಿದದ್ದಕ್ಕೆ ಒಳ್ಳೆ ಬೆಳಕು ಕೊಡಿ" ಅಂದ್ರು. ಮೊದಲಿನ ಅರ್ಧ ನಂಗೆ ಕೇಳಿಸ್ಲೇ ಇಲ್ಲ. ಬೆಳಕು ತಾನೇ, ಮನೆಯಲ್ಲೇ ಒಬ್ಬ ಇಂಜಿನಿಯರ್ ಇದ್ದೇನಲ್ಲ ಅಂತ ಎದೆ ಉಬ್ಬಿಸಿದೆ. ನಾನು ಓದಿದ್ದು ಬಿಕಾಂ. ಕೊನೇ ವರ್ಷ ಎರಡು ಸಲ.

ಎಲ್‌ಇಡಿ ಟ್ಯೂಬಿನ ಕೆಳಗೆ ಅಮ್ಮನಿಗೆ ಮರೂನ್, ಬ್ರೌನ್ ನೂಲು ಒಂದೇ ಥರ ಕಾಣ್ತಿತ್ತು. ಹ್ಯಾಲೊಜೆನ್ ಬೆಳಕಲ್ಲಿ ಬಣ್ಣ ಸರಿ ತಿಳೀತದೆ ಅಂತ ಮೊಬೈಲಲ್ಲಿ ಓದಿದೆ. ಮೊದಲು ತಂದದ್ದು ನೇರ ಮನೆಯ ಕರೆಂಟಿಗೇ ಹಾಕುವಂಥದ್ದು. ಹೋಲ್ಡರಿಗೆ ತಿರುಗಿಸಿದ್ರೆ ಮುಗೀತು, ನನ್ನಂಥವನಿಗೂ ಆಗುವ ಕೆಲಸ. ಆದ್ರೆ ನಮ್ಮ ಕಿಟಕಿಯಾಚೆ ರೈಲ್ವೆ ಲೈನು. ಫಾಸ್ಟ್ ಲೋಕಲ್ ಹೋದಾಗೆಲ್ಲ ಗೋಡೆ, ಪಾತ್ರೆ, ನನ್ನ ಹಲ್ಲು ಒಟ್ಟಿಗೇ ನಡುಗ್ತವೆ. ಎಂಟೇ ದಿನಕ್ಕೆ ಬಲ್ಬಿನೊಳಗಿನ ತಂತಿ ಕಡೀತು. ಇನ್ನೊಂದು ತಂದೆ. ಅದು ಐದು ದಿನ.

ದಾದರಿನ ಅಂಗಡಿಯವ ಸತ್ತ ಬಲ್ಬನ್ನು ಕಿವಿ ಹತ್ರ ಅಲ್ಲಾಡಿಸಿ, "ರೈಲಿನ ಪಟ್ರಿ ಪಕ್ಕ ಮನೆಯಾ? ಹನ್ನೆರಡು ವೋಲ್ಟಿಂದು ತಗೋ ಭಾವು. ಇದ್ರ ತಂತಿ ದಪ್ಪ, ಅಲುಗಾಟ ತಡೀತದೆ. ಆದ್ರೆ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಮತ್ತೆ ಗಾಜಿಗೆ ಬೆರಳು ತಾಗಿಸ್ಬೇಡ, ಬಟ್ಟೆಯಲ್ಲಿ ಹಿಡಿ" ಅಂತ ಹಿಂದಿ, ಮರಾಠಿ ಕಲಸಿ ಹೇಳಿದ.

ನಾನು ಅದನ್ನು ಹಾಕಿದ್ದು ಭಾನುವಾರ. ಉಡುಪಿ ಬಿಟ್ಟು ಮೂವತ್ತು ವರ್ಷ ಆದ್ರೂ ನಮ್ಮಲ್ಲಿ ಭಾನುವಾರ ತಲೆಗೆ ತೆಂಗಿನೆಣ್ಣೆ ಬೀಳಲೇಬೇಕು. ಅಮ್ಮ ಅರ್ಧ ಬಾಟ್ಲಿ ಸುರಿದು ತಟ್ಟಿದ್ಲು. ನಾನು ತಲೆ ಕೆರೆದುಕೊಂಡು, ಅದೇ ಕೈಯಲ್ಲಿ ಸ್ಟೂಲ್ ಹತ್ತಿ, ಕಡಲೆಬೀಜದಷ್ಟಿದ್ದ ಬಲ್ಬನ್ನು ಗೋಳಿಬಜೆ ಹಿಡಿದ ಹಾಗೆ ಹಿಡಿದು ಸಿಕ್ಕಿಸಿದೆ. ಹತ್ತು ನಿಮಿಷ ಸ್ವರ್ಗದಂಥ ಬೆಳಕು. ಆಮೇಲೆ ಪಟ್ ಅಂತ ಒಡೆದು, ಕಾದ ಚೂರೊಂದು ನನ್ನ ಎಣ್ಣೆತಲೆಗೇ ಬಿತ್ತು.

"ಎಂತ ಮಗಾ, ತಲೆಗೆ ಒಗ್ಗರಣೆ ಹಾಕಿಕೊಂಡ್ಯಾ?" ಅಂದ್ಲು ಅಮ್ಮ. ಆ ತಿಂಗಳಲ್ಲಿ ಅವಳು ನಕ್ಕದ್ದು ಅದೊಂದೇ ಸಲ.

ಮರುದಿನ ಸಂಜೆ ಸೋಪಲ್ಲಿ ಕೈ ತೊಳೆದು, ಕರ್ಚೀಫಲ್ಲಿ ಹಿಡಿದು ಹೊಸದನ್ನು ಹಾಕಿ, ಅಮ್ಮನ ಕೈಗೆಟುಕುವಷ್ಟು ಕೆಳಗೆ ತೂಗಿಬಿಟ್ಟೆ. ಹೋಲಿಸಿ ನೋಡುವ ಅಂತ ಪಕ್ಕದಲ್ಲೇ ನೇರ ಕರೆಂಟಿನ ಮೊದಲಿನ ಥರದ್ದೂ ಒಂದು. ಅಮ್ಮ ಮಡಿಲಲ್ಲಿ ಸೀರೆ ಇಟ್ಟುಕೊಂಡು ಕೂತ್ಲು. ಮೊದಲಿನದ್ದು ಹಾಕಿ, "ಹೇಗುಂಟು?" ಅಂದೆ.

"ಪರವಾಗಿಲ್ಲ. ಸ್ವಲ್ಪ ಹಳದಿ."

ಅದನ್ನು ಆರಿಸಿ, ಗೋಡೆಯ ಇನ್ನೊಂದು ಸ್ವಿಚ್ ಒತ್ತಿದೆ. "ಈಗ?"

"ಓ, ಇದು ಎಷ್ಟೋ ವಾಸಿ ಮಾರಾಯ. ಮರೂನ್ ಮರೂನೇ ಕಾಣ್ತದೆ."

ಹೆಮ್ಮೆಯಿಂದ ತಿರುಗಿದೆ. ಕೋಣೆ ಕತ್ತಲೆ. ನೆಲದ ಮೇಲೆ ಬಿದ್ದಿದ್ದ ಟ್ರಾನ್ಸ್‌ಫಾರ್ಮರಿನ ಪ್ಲಗ್ಗು ನನ್ನ ಕಾಲಿಗೆ ತಾಗಿತು. ಬೆಪ್ಪ ನಾನು, ಬಲ್ಬ್ ಬದಲಿಸುವಾಗ ಎಳೆದದ್ದನ್ನು ಮತ್ತೆ ಚುಚ್ಚಿರಲೇ ಇಲ್ಲ.

ಬಗ್ಗಿ ಚುಚ್ಚಿದೆ. ಬೆಳಕು ಬಂತು. ಅವಳ ಮಡಿಲಲ್ಲಿದ್ದ ಸೀರೆ ನೀಲಿ.

ಅಮ್ಮ ಕೈಯನ್ನು ದೀಪದ ಕಡೆ ಸ್ವಲ್ಪ ಎತ್ತಿದ್ಲು. "ಇಷ್ಟೊತ್ತು ಹತ್ತಿರ್ಲಿಲ್ವಾ?"

"ಹತ್ತಿತ್ತಮ್ಮ."

"ಸುಳ್ಳು ಹೇಳ್ಬೇಡ. ಬಿಸಿ ಈಗ ಬಂತು."

ಆಮೇಲೆ ಸೀರೆಯನ್ನು ಅಂಚು ಹುಡುಕಿ ಹುಡುಕಿ ಮಡಚಿದ್ಲು. "ಮೂರನೇ ಮಾಳಿಗೆಯವರಿಗೆ ಕೊಟ್ಟು ಬಾ. ಇನ್ನು ಯಾರೂ ತರ್ಬೇಡಿ, ಆಗೂದಿಲ್ಲ ಅಂತ ಹೇಳು."

ಮೆಟ್ಟಿಲು ಹತ್ತುತ್ತಾ ಹೇಳ್ಲಿಕ್ಕೆ ಒಂದು ಜೋಕು ಹುಡುಕಿದೆ. ಸಿಗ್ಲಿಲ್ಲ. ಬಾಗಿಲು ತೆಗೆದವರು ಸೀರೆ ಬಿಚ್ಚಿ ನೋಡಿದ್ರು. ಅರ್ಧ ಹೊಲಿದ ಅಂಚಿನಲ್ಲಿ ಸೂಜಿ ಇನ್ನೂ ಚುಚ್ಚಿಕೊಂಡೇ ಇತ್ತು. ಅವರು ಅದನ್ನು ಮೆಲ್ಲ ಎಳೆದು, ನೂಲಿನ ಸಮೇತ ನನ್ನ ಕೈಗೆ ಕೊಟ್ರು.